ಹತ್ತು ತಿಂಗಳ ಅಡ್ವಾನ್ಸು, ಹದಿನಾಲ್ಕು ಮೊಳೆ

ಮನೆ ಖಾಲಿ ಮಾಡೋಕೆ ಒಂದು ವಾರ ಇದೆ ಅನ್ನುವಾಗ, ಭಾನುವಾರ ಬೆಳಗ್ಗೆ ನಮ್ಮ ಓನರ್ ಅಂಕಲ್ ಒಂದು ಟಾರ್ಚು, ಒಂದು ನೋಟ್‌ಬುಕ್ಕು ಹಿಡಿದು ಬಂದರು. ಹಾಲು, ಎರಡು ರೂಮು, ಅಡುಗೆಮನೆ ಎಲ್ಲ ಸುತ್ತಿದರು. ಗೋಡೆಗೆ ಹೊಡೆದಿದ್ದ ಮೊಳೆಗಳನ್ನು ಎಣಿಸಿದರು. ಹದಿನಾಲ್ಕು. ರೂಮಿನ ಬಾಗಿಲ ಹಿಂದೆ ಇನ್ನೊಂದಿತ್ತು, ಅದು ಅವರ ಕಣ್ಣಿಗೆ ಬೀಳಲಿಲ್ಲ. ನಾನೂ ಹೇಳಲಿಲ್ಲ.

ಸಂಜೆ ಚೀಟಿ ಬಂತು. ಪೇಂಟಿಂಗ್ 15,000. ಮೊಳೆ ತೂತು ಮುಚ್ಚಿಸಲು 4,000. ಅಡುಗೆಮನೆಯಲ್ಲಿ ಚಿಮಣಿ ಪೈಪಿಗೆ ಕೊರೆಸಿದ ತೂತು 3,500. ಕ್ಲೀನಿಂಗ್ 2,500. ಒಟ್ಟು 25,000. ಆರು ವರ್ಷದ ಹಿಂದೆ, 2018ರಲ್ಲಿ, ಹನ್ನೊಂದು ಸಾವಿರ ಬಾಡಿಗೆಗೆ ಈ ಮನೆ ಹಿಡಿದಾಗ ಒಂದು ಲಕ್ಷ ಅಡ್ವಾನ್ಸು ಕೊಟ್ಟಿದ್ದೆ. ಅದರಲ್ಲಿ ಇಷ್ಟು ಕಳೆದು, ಉಳಿದ ಎಪ್ಪತ್ತೈದು ಸಾವಿರ "ಹೊಸ ಪಾರ್ಟಿ ಬಂದ ಮೇಲೆ" ಕೊಡುತ್ತಾರಂತೆ. ಆ ಒಂದು ಲಕ್ಷವನ್ನೇ ನಂಬಿಕೊಂಡು ನಾನು ಇನ್ನೊಂದು ಕಡೆ ಮನೆಗೆ ಟೋಕನ್ ಕೊಟ್ಟಾಗಿತ್ತು. ಅಲ್ಲಿಯ ಓನರು ಕೀ ಕೊಡಬೇಕಾದರೆ ಪೂರ್ತಿ ಅಡ್ವಾನ್ಸು ಕೈಗೆ ಬರಬೇಕು ಅಂತ ಪಟ್ಟು ಹಿಡಿದಿದ್ದರು. ಇಲ್ಲಿ ಸಿಗದೆ ಅಲ್ಲಿ ಕೊಡುವಂತಿಲ್ಲ. ಬೆಂಗಳೂರಿನಲ್ಲಿ ಒಂದು ಸಲವಾದರೂ ಮನೆ ಬದಲಾಯಿಸಿದ ನಿಮಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟಿಗೆ ಕಾನೂನು ಹುಡುಕಲು ಕೂತವನು ಇತಿಹಾಸದೊಳಗೆ ಬಿದ್ದೆ.

ಮೊದಲು ಸಿಕ್ಕಿದ್ದು ಹತ್ತಿರದ್ದೇ. ನಾವೆಲ್ಲ ದಿನಾ ಬೈದುಕೊಳ್ಳುವ 'ಹನ್ನೊಂದು ತಿಂಗಳ ಅಗ್ರಿಮೆಂಟು' ಇದೆಯಲ್ಲ, ಅದರ ಹಿಂದೆ ಶಾಸ್ತ್ರವೂ ಇಲ್ಲ, ಸಂಪ್ರದಾಯವೂ ಇಲ್ಲ. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಅದರ ಖರ್ಚು, ಓಡಾಟ ತಪ್ಪಿಸಲು ಹನ್ನೆರಡರಲ್ಲಿ ಒಂದು ತಿಂಗಳು ಕಡಿಮೆ ಮಾಡಿದರು. ಅಷ್ಟೇ. ನಾನು ಆರು ವರ್ಷ ಇದ್ದೆ, ಕಾಗದದ ಮೇಲೆ ಮಾತ್ರ ಹನ್ನೊಂದು ತಿಂಗಳ ಅತಿಥಿ.

ಗೋಡೆ, ಬಣ್ಣ, ಮೊಳೆಯ ವಿಚಾರ ಇನ್ನೂ ಹಳೆಯದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ನಿನಲ್ಲಿ ಅದು ಇದೆ. ಮನೆಯನ್ನು ಯಾವ ಸ್ಥಿತಿಯಲ್ಲಿ ಹಿಡಿದುಕೊಂಡೆಯೋ ಅದೇ ಸ್ಥಿತಿಯಲ್ಲಿ ಹಿಂದಿರುಗಿಸಬೇಕು. ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ, ತಡೆಯಲಾಗದ ಶಕ್ತಿಯಿಂದ ಆದ ಹಾನಿಗೆ ಬಾಡಿಗೆದಾರ ಹೊಣೆಯಲ್ಲ. ಆರು ವರ್ಷ ಮನುಷ್ಯರು ಉಸಿರಾಡಿದ ಮನೆಯ ಬಣ್ಣ ಮಾಸುವುದು ಸವೆತವಲ್ಲದೆ ಇನ್ನೇನು? ಗೆದ್ದೆ ಅಂದುಕೊಂಡೆ. ಆಮೇಲೆ ಅದೇ ಸೆಕ್ಷನ್ನಿನ ಮೊದಲ ಸಾಲು ಕಣ್ಣಿಗೆ ಬಿತ್ತು: ಕರಾರಿನಲ್ಲೋ ಸ್ಥಳೀಯ ರೂಢಿಯಲ್ಲೋ ಬೇರೆ ಥರ ಇಲ್ಲದಿದ್ದರೆ ಮಾತ್ರ ಇವೆಲ್ಲ ಅನ್ವಯ. ಅಗ್ರಿಮೆಂಟು ತೆಗೆದು ನೋಡಿದೆ. ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಕಳೆಯಲಾಗುವುದು ಅಂತ ಸ್ಪಷ್ಟವಾಗಿ ಬರೆದಿತ್ತು. ಕೆಳಗೆ ನನ್ನದೇ ಸಹಿ. ಟೈಪಿಂಗ್ ಅಂಗಡಿಯವನು ಹೆಸರು, ಮೊತ್ತ ಬದಲಾಯಿಸಿ ಎಲ್ಲರಿಗೂ ಕೊಡುವ ಅದೇ ಕಾಗದ. ನಾವು ಯಾರೂ ಓದುವುದಿಲ್ಲ.

ಈ ಸವೆತದ ಲೆಕ್ಕಾಚಾರ ಬ್ರಿಟಿಷರು ತಂದದ್ದು ಅಂತ ನಾನು ನಂಬಿದ್ದೆ. ಅದು ಪೂರ್ತಿ ನಿಜವಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣದ ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕ ತಾಳೆಗರಿ ಕಟ್ಟು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರ, ಅದರಲ್ಲಿ ಮನೆ ಬಾಡಿಗೆಯ ಜಗಳವೂ ಇದೆ. ಬಿಡು ಅಂದರೂ ಬಿಡದ ಬಾಡಿಗೆದಾರನಿಗೆ ಹನ್ನೆರಡು ಪಣ ದಂಡ. ಬಾಡಿಗೆ ಕೊಟ್ಟವನನ್ನು ಹೊರಗೆ ಹಾಕುವ ಮಾಲೀಕನಿಗೂ ಅಷ್ಟೇ ದಂಡ. ಬಾಡಿಗೆದಾರ ಬೈಗುಳ, ಕಳವು, ದಬ್ಬಾಳಿಕೆಯಂಥದ್ದು ಮಾಡಿದ್ದರೆ ಮಾತ್ರ ಮಾಲೀಕನಿಗೆ ವಿನಾಯಿತಿ. ತಾನಾಗಿ ನಡುವೆ ಬಿಟ್ಟು ಹೋಗುವವನು ವರ್ಷದ ಉಳಿದ ಬಾಡಿಗೆ ತೆತ್ತು ಹೋಗಬೇಕು. ಈಗಿನ ಅಪಾರ್ಟ್‌ಮೆಂಟುಗಳ 'ಲಾಕ್-ಇನ್ ಪೀರಿಯಡ್' ನೋಡಿ ಕೌಟಿಲ್ಯ ತಲೆದೂಗುತ್ತಿದ್ದನೇನೋ.

ನಾರದಸ್ಮೃತಿ ಇನ್ನೂ ಬಾಡಿಗೆದಾರನ ಪರ. ಬೇರೆಯವರ ಜಾಗದಲ್ಲಿ ಬಾಡಿಗೆ ಕೊಟ್ಟು, ಸ್ವಂತ ಮನೆ ಕಟ್ಟಿಕೊಂಡು ಇದ್ದವನು ಬಿಟ್ಟು ಹೋಗುವಾಗ ಹುಲ್ಲು, ಮರ, ಇಟ್ಟಿಗೆ ಕಿತ್ತುಕೊಂಡು ಹೋಗಬಹುದು. ಬಾಡಿಗೆ ಕೊಡದೆ ಇದ್ದವನಿಗೆ ಆ ಹಕ್ಕಿಲ್ಲ. 108ನೇ ಸೆಕ್ಷನ್ನಿನಲ್ಲೂ ಇದರ ತಮ್ಮನಂಥ ಮಾತಿದೆ: ಬಾಡಿಗೆದಾರ ತಾನು ಜೋಡಿಸಿದ್ದನ್ನು ತೆಗೆದುಕೊಂಡು ಹೋಗಬಹುದು, ಜಾಗವನ್ನು ಮೊದಲಿದ್ದಂತೆ ಬಿಟ್ಟರೆ ಆಯ್ತು. ಗೀಸರು, ಫ್ಯಾನು, ಸೊಳ್ಳೆ ಪರದೆಯ ಚೌಕಟ್ಟು ಬಿಚ್ಚುವಾಗ ಓನರು ಮುಖ ಸಿಂಡರಿಸಿದರೆ ನಾರದನನ್ನು ನೆನೆಸಿಕೊಳ್ಳಿ.

ನನಗೆ ಹೆಚ್ಚು ಹಿಡಿಸಿದ್ದು ನಮ್ಮ ಕಲ್ಯಾಣದ ವಿಜ್ಞಾನೇಶ್ವರ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗಿನ ಬಸವಕಲ್ಯಾಣದಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಬರೆದವನು. ಹಿಂದೂ ಆಸ್ತಿ ಪಾಲಿನ ವ್ಯಾಜ್ಯಗಳಲ್ಲಿ ಅವನ ಹೆಸರು ಕೋರ್ಟುಗಳಲ್ಲಿ ಇವತ್ತಿಗೂ ಓಡಾಡುತ್ತದೆ. ಸಾಲದ ಭಾಗದಲ್ಲಿ ಅಡವಿನ ವಿಚಾರ ಬರುತ್ತದೆ. ಅಡವು ಎರಡು ಥರ: ಬರೀ ಜೋಪಾನ ಮಾಡಿ ಇಟ್ಟುಕೊಳ್ಳಬೇಕಾದದ್ದು 'ಗೋಪ್ಯ', ಬಳಸಿಕೊಳ್ಳಬಹುದಾದದ್ದು 'ಭೋಗ್ಯ'. ಜೋಪಾನಕ್ಕೆ ಕೊಟ್ಟದ್ದನ್ನು ಬಳಸಿಕೊಂಡರೆ ಬಡ್ಡಿ ಕೇಳುವ ಹಕ್ಕು ಹೋಯಿತು. ಹಾಳಾದರೆ, ಕಳೆದುಹೋದರೆ ಇಟ್ಟುಕೊಂಡವನೇ ತುಂಬಿಕೊಡಬೇಕು. ದೈವದಿಂದಲೋ ರಾಜನಿಂದಲೋ ಆದ ನಷ್ಟಕ್ಕೆ ಮಾತ್ರ ಮಾಫಿ. 1882ರ ಕಾಯ್ದೆಯ 'ತಡೆಯಲಾಗದ ಶಕ್ತಿ' ಈ ದೈವ-ರಾಜರ ದೂರದ ನೆಂಟನಂತೆ ನನಗೆ ಕಂಡಿತು.

ಭೋಗ್ಯ ಅನ್ನುವ ಆ ಪದ ಇನ್ನೂ ಸತ್ತಿಲ್ಲ. ಆನೇಕಲ್, ಚಂದಾಪುರ, ಅತ್ತಿಬೆಲೆ ಕಡೆಯ ಕಂಬಗಳ ಮೇಲೆ 'ಮನೆ ಭೋಗ್ಯಕ್ಕೆ ಇದೆ' ಅನ್ನುವ ಚೀಟಿ ನೀವು ನೋಡಿರುತ್ತೀರಿ. ನಮ್ಮ ಆಫೀಸಿನ ಬೇರೆ ರಾಜ್ಯದ ಹುಡುಗರಿಗೆ ಅದು 'ಲೀಸ್'. ಆರೋ ಎಂಟೋ ಲಕ್ಷ ಒಟ್ಟಿಗೆ ಕೊಟ್ಟು ಎರಡು-ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಅಷ್ಟೂ ವಾಪಸು. ದಕ್ಷಿಣ ಕೊರಿಯಾದಲ್ಲಿ ಇದೇ ಪದ್ಧತಿಗೆ 'ಜೋನ್ಸೆ' ಅನ್ನುತ್ತಾರೆ, ಅಲ್ಲೂ ಓನರು ದುಡ್ಡು ವಾಪಸು ಕೊಡಲಾಗದೆ ಸಾವಿರಾರು ಜನ ಬೀದಿಗೆ ಬಿದ್ದ ಸುದ್ದಿಗಳು 2022-23ರಲ್ಲಿ ಬಂದವು. ನಮ್ಮಲ್ಲಿ ಅಪಾಯ ಇನ್ನೂ ಒಂದು ಕೈ ಹೆಚ್ಚು: ಆ ಮನೆ ಮೊದಲೇ ಬ್ಯಾಂಕಿಗೆ ಅಡ ಬಿದ್ದಿದ್ದರೆ ಒಂದು ದಿನ ಬಾಗಿಲಿಗೆ ಬ್ಯಾಂಕಿನ ನೋಟಿಸು ಅಂಟಿರುತ್ತದೆ. ಭೋಗ್ಯ ಹಿಡಿಯುವವರು ಋಣಭಾರ ಪತ್ರ ತೆಗೆಸಿ ನೋಡಿ, ಪತ್ರ ನೋಂದಣಿ ಮಾಡಿಸಿ. ಇಷ್ಟು ಹೇಳಿ ಮುಂದೆ ಹೋಗುತ್ತೇನೆ.

ಹತ್ತು ತಿಂಗಳ ಅಡ್ವಾನ್ಸು ಮಾತ್ರ ಯಾವ ಸ್ಮೃತಿಯಲ್ಲೂ ಇಲ್ಲ. ಬೇರೆ ಊರುಗಳಲ್ಲಿ ಎರಡು-ಮೂರು ತಿಂಗಳಿಗೆ ಮುಗಿಯುವುದು ಬೆಂಗಳೂರಿಗೆ ಬಂದು ಹತ್ತಾದದ್ದು ಹೇಗೆ? 1951ರಲ್ಲಿ ಮೈಸೂರು ಸಂಸ್ಥಾನಕ್ಕೆ ಮನೆ ಬಾಡಿಗೆ ಮತ್ತು ವಸತಿ ನಿಯಂತ್ರಣ ಕಾಯ್ದೆ ಬಂತು, 1961ರಲ್ಲಿ ಇಡೀ ರಾಜ್ಯಕ್ಕೆ ಇನ್ನೊಂದು. ಮನೆ ಖಾಲಿಯಾದರೆ ಕಂಟ್ರೋಲರಿಗೆ ತಿಳಿಸಬೇಕು, ಅವರು ಯಾರಿಗೆ ಕೊಡು ಅನ್ನುತ್ತಾರೋ ಅವರಿಗೆ ಕೊಡಬೇಕು, ಬಾಡಿಗೆ ಏರಿಸುವಂತಿಲ್ಲ, ಬಿಡಿಸಬೇಕಾದರೆ 21ನೇ ಸೆಕ್ಷನ್ನಿನಲ್ಲಿ ಪಟ್ಟಿ ಮಾಡಿದ ಕಾರಣ ಒಂದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಬಡ ಬಾಡಿಗೆದಾರನ ತಲೆ ಕಾಯ್ದ ಕಾನೂನು ಅದು, ಅನುಮಾನ ಬೇಡ. ಆದರೆ ಮಾಲೀಕರ ಎದೆಯಲ್ಲಿ ಒಂದು ಭಯವನ್ನೂ ಬಿತ್ತಿತು: ಒಳಗೆ ಬಂದವನು ಹೊರಗೆ ಹೋಗುವುದಿಲ್ಲ. ಆ ಭಯಕ್ಕೆ ಅವರು ಕಂಡುಕೊಂಡ ಮದ್ದೇ ದೊಡ್ಡ ಅಡ್ವಾನ್ಸು ಅನ್ನುವುದು ನನ್ನ ಊಹೆ. ಹತ್ತು ತಿಂಗಳ ದುಡ್ಡು ಸಿಕ್ಕಿಹಾಕಿಕೊಂಡವನು ಕೇಸಿಗೆ ಹೋಗದೆ ಬಿಟ್ಟು ಹೋಗುತ್ತಾನೆ. ಆಮೇಲೆ ಆ ದುಡ್ಡಿನಲ್ಲಿ ಮೇಲೊಂದು ಮಹಡಿ ಏಳುತ್ತದೆ ಅನ್ನುವುದೂ ಗೊತ್ತಾಯಿತು. ಮದ್ದು ಚಟವಾಯಿತು.

ಹಳೇ ಕಾಯ್ದೆ ಹೋಗಿ ಕರ್ನಾಟಕ ಬಾಡಿಗೆ ಕಾಯ್ದೆ 1999 ಅನ್ನುವುದು 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆ ಮನೆಗಳು ಅದರ ಹೊರಗೆ. ಇವತ್ತು ಆ ಬೆಲೆಗೆ ಸ್ಕೂಟರ್ ನಿಲ್ಲಿಸಲು ಜಾಗ ಕೇಳಿ ನೋಡಿ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸು ಬೇಡ ಅನ್ನುತ್ತದೆ. ಅದರ ಅನುಸೂಚಿ ನೋಡಿ ನನಗೆ ಖುಷಿಯಾಯಿತು. ಗೋಡೆಗೆ ಸುಣ್ಣ, ಬಾಗಿಲು-ಕಿಟಕಿಗೆ ಬಣ್ಣ, ನಲ್ಲಿ ಪೈಪು ಬದಲಾಯಿಸುವುದು ಮಾಲೀಕನ ಕೆಲಸ. ನಲ್ಲಿಯ ವಾಷರು, ಸ್ವಿಚ್ಚು, ಚಿಲಕ, ಕಿಟಕಿಯ ಗಾಜು ಬಾಡಿಗೆದಾರನ ಪಾಲು. ಆದರೆ ಹೆಸರೇ ಹೇಳುವಂತೆ ಮಾದರಿ. ರಾಜ್ಯ ಅದನ್ನು ತನ್ನದಾಗಿ ಮಾಡಿಕೊಳ್ಳುವವರೆಗೆ ಓನರ್ ಎದುರು ತೋರಿಸಿದರೆ ನಕ್ಕುಬಿಡುತ್ತಾರೆ. ನಮ್ಮ ಅಂಕಲ್ ನಕ್ಕರು.

ಸುಣ್ಣ ಅಂದಾಗ ಒಂದು ಮಾತು. ತಿಪಟೂರಿನ ಕಡೆ ನಮ್ಮಜ್ಜಿ ಮನೆಗೆ ವರ್ಷವರ್ಷ ಯುಗಾದಿಗೆ ಮೊದಲು ಸುಣ್ಣ ಹೊಡೆಯುತ್ತಿದ್ದರು. ಸುಣ್ಣದ ಕಲ್ಲು ನೀರಲ್ಲಿ ಅರಳಿಸಿ, ಒಂದಿಷ್ಟು ನೀಲಿ ಕಲಸಿ, ಕತ್ತಾಳೆ ನಾರಿನ ಕುಂಚದಲ್ಲಿ ಬಳಿದರೆ ಒಂದೇ ದಿನದಲ್ಲಿ ಮನೆ ಬೆಳ್ಳಗೆ. ಮೊಳೆ ತೂತಿಗೆ ಗಟ್ಟಿ ಸುಣ್ಣ ಮೆತ್ತಿದರೆ ಮುಗಿಯಿತು. ಬೆಂಗಳೂರಿನ ಹಳೇ ವಠಾರಗಳ ಗೋಡೆಯೂ ಇದೇ ಸುಣ್ಣದ್ದು. ಸುಣ್ಣ ಹೋಗಿ ಡಿಸ್ಟೆಂಪರು, ಡಿಸ್ಟೆಂಪರು ಹೋಗಿ ಎಮಲ್ಷನ್ನು ಬಂದಾಗ, ಹಬ್ಬದ ಕೆಲಸವಾಗಿದ್ದದ್ದು ಐದಾರು ವರ್ಷಕ್ಕೊಮ್ಮೆಯ ದೊಡ್ಡ ಖರ್ಚಾಯಿತು. ಖರ್ಚು ದೊಡ್ಡದಾದಾಗ ಯಾರ ತಲೆಗೆ ಅನ್ನುವ ಪ್ರಶ್ನೆ ಹುಟ್ಟಿತು.

ಜಪಾನಿನವರು ಈ ಪ್ರಶ್ನೆಗೆ ಕೂತು ಲೆಕ್ಕ ಬರೆದಿದ್ದಾರೆ. 1998ರಲ್ಲಿ ಅಲ್ಲಿಯ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಇದೆ, ಆಮೇಲೆ ಪರಿಷ್ಕರಿಸಿದ್ದಾರೆ ಕೂಡ. ಅದರ ಪ್ರಕಾರ ಗೋಡೆಗೆ ಅಂಟಿಸಿದ ಕಾಗದದ ಆಯುಸ್ಸು ಆರು ವರ್ಷ. ಆಮೇಲೆ ಅದರ ಬೆಲೆ ಒಂದು ಯೆನ್. ಗುಂಡುಪಿನ್ನಿನ ತೂತು ಸಹಜ ಬಳಕೆ, ಮೊಳೆ-ಸ್ಕ್ರೂ ತೂತು ಬಾಡಿಗೆದಾರನ ತಲೆಗೆ. ಇಂಗ್ಲೆಂಡಿನಲ್ಲಿ 2007ರ ಏಪ್ರಿಲ್‌ನಿಂದ ಅಡ್ವಾನ್ಸು ಓನರ್ ಜೇಬಿನಲ್ಲಿ ಸುಮ್ಮನೆ ಇರುವಂತಿಲ್ಲ, ಸರ್ಕಾರ ಒಪ್ಪಿದ ಯೋಜನೆಯೊಂದರ ರಕ್ಷಣೆಯಲ್ಲಿ ಇರಬೇಕು. ಜಗಳವಾದರೆ ಅವರೇ ಪುಕ್ಕಟೆ ತೀರ್ಮಾನ ಮಾಡುತ್ತಾರೆ. ನಾನು ಸರಿಯಾಗಿ ಆರು ವರ್ಷ ಇದ್ದೆ. ಜಪಾನಿನ ಲೆಕ್ಕದಲ್ಲಿ ನನ್ನ ಗೋಡೆಯ ಬೆಲೆ ಎಂಟಾಣೆ ಚಿಲ್ಲರೆ.

ಇಷ್ಟೆಲ್ಲ ಮದ್ದುಗುಂಡು ತುಂಬಿಕೊಂಡು ಬುಧವಾರ ಸಂಜೆ ಕೆಳಗಿನ ಮನೆಗೆ ಹೋದೆ. ಅಂಕಲ್ ಇರಲಿಲ್ಲ. ಅವರ ತಾಯಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ಕೂತ್ಕೊಳಪ್ಪಾ, ಬರ್ತಾನೆ" ಅಂದರು. ಆರು ವರ್ಷದಲ್ಲಿ ಆ ಅಜ್ಜಿಯ ಜೊತೆ ನಾನು ಅರ್ಧ ಗಂಟೆ ಕೂತು ಮಾತಾಡಿದ್ದು ಅದೇ ಮೊದಲು.

ನಮ್ಮ ಬೀದಿ ಇರುವ ಜಾಗ ರಾಗಿ ಹೊಲವಾಗಿತ್ತಂತೆ. ಆದರೆ ಅವರದ್ದಲ್ಲ. ಅಜ್ಜಿಯ ಗಂಡ ಬೇರೊಬ್ಬರ ಹೊಲವನ್ನು ವಾರಕ್ಕೆ ಮಾಡುತ್ತಿದ್ದವರು. ಕಣದಲ್ಲಿ ರಾಗಿ ಅಳೆದು ಒಡೆಯರ ಪಾಲು ಗಾಡಿಗೆ ತುಂಬಿದ ಮೇಲೆ ಉಳಿದದ್ದು ಇವರಿಗೆ. "ದೇವರಾಜ ಅರಸು ಕಾಲ್ದಾಗೆ ಡಿಕ್ಲರೇಷನ್ ಹಾಕುದ್ವಿ" ಅಂದರು ಅಜ್ಜಿ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಅದು. ಗೇಣಿದಾರ ಫಾರಂ 7 ತುಂಬಿ ಕೊಟ್ಟರೆ ತಾಲ್ಲೂಕಿನ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಉಳುವವನಿಗೇ ಹೊಲ ಬರೆದುಕೊಡುತ್ತಿತ್ತು. ಒಡೆಯರ ಮನೆಯವರು ಬಂದು ಹೊಲ ಬಿಡು ಅಂತ ಗದರಿದ್ದು, ಇವರು ಬಿಡದೆ ಆನೇಕಲ್ಲಿಗೆ ಅಲೆದದ್ದು, ಸಾಕ್ಷಿ ಹೇಳಲು ಊರಿನವರು ಹೆದರಿದ್ದು, ಎಲ್ಲ ಹೇಳಿದರು. ಕೊನೆಗೆ ಎರಡು ಎಕರೆ ಇವರದ್ದಾಯಿತು.

ನಾಲ್ಕೇ ವರ್ಷಕ್ಕೆ, 1978ರಲ್ಲಿ, ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಹೊಲಗಳಲ್ಲಿ ಕಿಯೋನಿಕ್ಸ್ 332 ಎಕರೆಯ ಎಲೆಕ್ಟ್ರಾನಿಕ್ ಸಿಟಿಗೆ ಕೈ ಹಾಕಿತು. ಆರ್.ಕೆ. ಬಾಳಿಗ ಅವರ ಕನಸು ಅದು. ಆಮೇಲೆ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಅಂತ ಒಂದೊಂದೇ ಕೈಗಾರಿಕಾ ಪ್ರದೇಶ. ಅಜ್ಜಿಯ ಎರಡು ಎಕರೆಯಲ್ಲಿ ಒಂದೂವರೆ ಭೂಸ್ವಾಧೀನಕ್ಕೆ ಹೋಯಿತು. ಬಂದ ಪರಿಹಾರದಲ್ಲಿ ಮಗಳ ಮದುವೆ, ಗಂಡನ ಆಸ್ಪತ್ರೆ ಖರ್ಚು ಕಳೆದು, ಉಳಿದದ್ದಕ್ಕೆ ಈ ಬಿಲ್ಡಿಂಗಿನ ಪಾಯ. ಮೊದಲ ಮಹಡಿಯ ಬಾಡಿಗೆದಾರರ ಅಡ್ವಾನ್ಸಿನಲ್ಲಿ ಎರಡನೆಯದು. ನನ್ನ ಒಂದು ಲಕ್ಷದ ಗತಿಯೂ ಗೊತ್ತಾಯಿತು: ಮೂರನೇ ಮಹಡಿಯ ಕಬ್ಬಿಣ. ವಿಜ್ಞಾನೇಶ್ವರನ ಮಾತಿನಲ್ಲಿ ಹೇಳಬೇಕೆಂದರೆ ಗೋಪ್ಯವನ್ನು ಭೋಗ್ಯ ಮಾಡಿಕೊಂಡಿದ್ದರು. ಶೇಕಡ 6ರಂತೆ ಸರಳ ಬಡ್ಡಿಯೇ ಆರು ವರ್ಷಕ್ಕೆ 36,000 ಆಗುತ್ತಿತ್ತು, ಅವರ ಚೀಟಿಗಿಂತ ಹನ್ನೊಂದು ಸಾವಿರ ಜಾಸ್ತಿ. ಆ ಲೆಕ್ಕವನ್ನು ಅಜ್ಜಿಯ ಮುಂದೆ ಆಡಲಿಲ್ಲ.

ನಾನು ಒಂದೇ ಕೇಳಿದೆ: "ಅಜ್ಜೀ, ಹನ್ನೊಂದು ತಿಂಗಳಿಗೊಂದ್ಸಲ ಹೊಸ ಕಾಗದ ಬರೆಸ್ಕೊಳ್ತಾರಲ್ಲ ಅಂಕಲ್, ಯಾಕೆ ಅಷ್ಟು ಭಯ?"

ಅಜ್ಜಿ ಕಾಯಿಂದ ಕಣ್ಣೆತ್ತಲಿಲ್ಲ. "ನಾವು ಹೆಂಗ್ ಒಡೆಯರಾದ್ವಿ ಅಂತ ಅವ್ನಿಗೆ ಗೊತ್ತಲ್ವಾ" ಅಂದರು.

ಅಂಕಲ್ ಬಂದಾಗ ನನ್ನ ಮದ್ದುಗುಂಡು ಅರ್ಧ ಒದ್ದೆಯಾಗಿತ್ತು. ಆದರೂ ಲೆಕ್ಕ ಲೆಕ್ಕವೇ. ಕಾನೂನಿನ ದಾರಿ ಇಲ್ಲದಿರಲಿಲ್ಲ. ಅಡ್ವಾನ್ಸು ವಾಪಸು ಕೊಡದಿದ್ದರೆ ವಕೀಲರ ನೋಟಿಸು ಕೊಟ್ಟು ಮೂರು ವರ್ಷದೊಳಗೆ ದಾವೆ ಹೂಡಬಹುದು. ಅದಕ್ಕೂ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ, ಕೋರ್ಟ್ ಫೀ ಇಲ್ಲದೆ ಲೋಕ ಅದಾಲತ್ತಿನಲ್ಲಿ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುತ್ತಾರೆ. ಕರಾರಿನಲ್ಲಿ ಮೊತ್ತ ನಮೂದಾಗಿದ್ದರೂ 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ನ್ಯಾಯವಾದ ಪರಿಹಾರ ಮಾತ್ರ, ದಂಡವಲ್ಲ ಅಂತ ವಾದಿಸಲು ಜಾಗ ಇದೆ. ನನಗೆ ಕೀ ಕೊಡಲು ನಾಲ್ಕೇ ದಿನ ಉಳಿದಿತ್ತು. ಹಾಗಾಗಿ ನಾನು ಕರೆದುಕೊಂಡು ಬಂದದ್ದು ವಕೀಲರನ್ನಲ್ಲ, ಹೆಬ್ಬಗೋಡಿಯ ಒಬ್ಬ ಪೇಂಟರ್ ಅಣ್ಣನನ್ನು.

ಆತ ಮನೆ ನೋಡಿ ಇಡೀ ಮನೆಗೆ ಎರಡು ಕೋಟು ಎಮಲ್ಷನ್ನಿಗೆ ಇಪ್ಪತ್ನಾಲ್ಕು ಸಾವಿರ ಅಂದ. ಮೊಳೆ ತೂತಿಗೆ ಬೇರೆ ಎಷ್ಟು ಅಂತ ಕೇಳಿದೆ. "ಪುಟ್ಟಿ ಅದ್ರಲ್ಲೇ ಬಂತಲ್ಲ ಸಾರ್, ಅದಕ್ಕೆ ಯಾರು ಬೇರೆ ತಗೊತಾರೆ" ಅಂದ. ಅಂಕಲ್ ನೋಟ್‌ಬುಕ್ಕು ನೋಡಿಕೊಂಡರು. ನಾಲ್ಕು ಸಾವಿರ ಅಲ್ಲಿಗೆ ಹೋಯಿತು. ಪೇಂಟಿಂಗಿನ ಒಂದು ತಿಂಗಳು ನಾನು ಸಹಿ ಹಾಕಿದ್ದು, ಒಪ್ಪಿದೆ. ಆದರೆ ಅಡ್ವಾನ್ಸು ಕೊಟ್ಟದ್ದು ಹನ್ನೊಂದು ಸಾವಿರದ ಕಾಲದಲ್ಲಿ, ಈಗಿನ ಹದಿನೈದರ ಲೆಕ್ಕದಲ್ಲಿ ಕಳೆಯುವುದು ಹೇಗೆ ಅಂತ ಕೇಳಿದೆ. ಅದಕ್ಕೆ ಇಪ್ಪತ್ತು ನಿಮಿಷ ಜಗಳವಾಯಿತು. "ಬಾಡಿಗೆ ಏರ್ಸಿದಾಗ ಅಡ್ವಾನ್ಸ್ ಏರ್ಸಿದ್ನಾ ನಾನು?" ಅಂದರು ಅಂಕಲ್. ಆ ಮಾತಿನಲ್ಲೂ ನ್ಯಾಯ ಇತ್ತು, ಆದರೂ ನಾನು ಬಿಡಲಿಲ್ಲ. ಚಿಮಣಿ ತೂತು ನನ್ನದೇ ತಪ್ಪು, ಕೇಳದೆ ಕೊರೆಸಿದ್ದೆ. ಗಾಜು ಕೂರಿಸಲು ಸಾವಿರದೈನೂರು ಸಾಕು ಅಂತ ಪೇಂಟರ್ ಅಣ್ಣನೇ ಪಂಚಾಯ್ತಿ ಮಾಡಿದ. ಕ್ಲೀನಿಂಗ್ ನಾನೇ ಮಾಡಿಕೊಡುತ್ತೇನೆ ಅಂದೆ, ಶನಿವಾರ ಆಸಿಡ್ಡು ಹಾಕಿ ಬಾತ್‌ರೂಮು ಉಜ್ಜಿದೆ ಕೂಡ.

ಕೊನೆಗೆ ಕಳೆದದ್ದು ಹನ್ನೆರಡೂವರೆ ಸಾವಿರ. ಐವತ್ತು ಸಾವಿರ ಕೀ ಕೊಟ್ಟ ದಿನ ಅಕೌಂಟಿಗೆ ಬಂತು, ಉಳಿದ ಮೂವತ್ತೇಳೂವರೆಗೆ ಒಂದು ತಿಂಗಳ ಗಡುವು, ಅಗ್ರಿಮೆಂಟಿನ ಬೆನ್ನ ಮೇಲೆ ಇಬ್ಬರೂ ಬರೆದು ಸಹಿ ಹಾಕಿದೆವು. ಸ್ನೇಹಿತರ ಹತ್ತಿರ ಕೈ ಸಾಲ ತಂದು ಹೊಸ ಮನೆಗೆ ತುಂಬಿದೆ. ಗಡುವು ದಾಟಿ ಹನ್ನೊಂದು ದಿನಕ್ಕೆ, ಎರಡು ಸಲ ಫೋನು ಮಾಡಿದ ಮೇಲೆ, ಉಳಿದದ್ದೂ ಬಂತು. ಹೊಸ ಮನೆಯಲ್ಲಿ ಸಾಮಾನು ಇಳಿಸುವ ಮೊದಲೇ ಪ್ರತಿ ಗೋಡೆಯ ಫೋಟೋ ತೆಗೆದು, ಅಲ್ಲಿಯ ಓನರಿಗೆ ವಾಟ್ಸಾಪ್ ಮಾಡಿದ್ದೇನೆ. ಅವರು ಒಂದು ಹೆಬ್ಬೆರಳು ಕಳಿಸಿದ್ದಾರೆ.

ಖಾಲಿ ಮಾಡುವ ದಿನ ಸಾಮಾನು ಗಾಡಿಗೆ ಏರಿಸಿ, ಕಟಿಂಗ್ ಪ್ಲೇಯರ್ ಹಿಡಿದು ಮೊಳೆ ಕೀಳುತ್ತಾ ಇದ್ದೆ. ಅಜ್ಜಿ ಮೆಟ್ಟಿಲು ಹತ್ತಿಕೊಂಡು ಬಂದು, ಏದುಸಿರು ಬಿಡುತ್ತಾ ಎಲ್ಲ ರೂಮು ನೋಡಿದರು. ಬಾಗಿಲ ಹಿಂದಿನ ಹದಿನೈದನೆಯದು ಅವರ ಕಣ್ಣಿಗೆ ಬಿತ್ತು.

"ಅದೊಂದು ಬಿಡಪ್ಪಾ" ಅಂದರು. "ಮುಂದೆ ಬರೋರಿಗೆ ಅಂಗಿ ನೇತಾಕಕ್ಕೆ ಆಯ್ತದೆ."